ಮೊದಲ ಕಂತಿನ ಮೋಹ

ಎಲ್‌ಐಸಿ ಏಜೆಂಟ್ ಕಾಲಿಡದ ಊರು ನಮ್ಮಲ್ಲಿ ಸಿಗುವುದು ಕಷ್ಟ. 1956ರಲ್ಲಿ ನಿಗಮ ಹುಟ್ಟಿದಂದಿನಿಂದ ವಿಮೆಯನ್ನು ಹಳ್ಳಿಯ ಜಗಲಿಗೆ ತಲುಪಿಸಿದವರು ಕಿರಾಣಿ ಅಂಗಡಿಯವರು, ಗೃಹಿಣಿಯರು, ಕೆಲಸ ಸಿಗದ ಪದವೀಧರರು. ಸಂಬಳವಿಲ್ಲದ ಆ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಕಮಿಷನ್ ಹಂಚುವ ರೀತಿ ಏಜೆಂಟರಿಗೂ ಗಿರಾಕಿಗೂ ಅನ್ಯಾಯ ಮಾಡಿದೆ.

ದೀರ್ಘಾವಧಿಯ ಎಂಡೋಮೆಂಟ್ ಪಾಲಿಸಿಯಲ್ಲಿ ಮೊದಲ ವರ್ಷದ ಪ್ರೀಮಿಯಂನ ಶೇ 35ರವರೆಗೆ ಏಜೆಂಟರಿಗೆ ಹೋಗುತ್ತಿತ್ತು. ನಾಲ್ಕನೇ ವರ್ಷದಿಂದ ಶೇ 5. ವರ್ಷಕ್ಕೆ 50,000 ರೂಪಾಯಿ ಕಟ್ಟುವವರಿಂದ ಮೊದಲು 17,500, ಆಮೇಲೆ 2,500. ಹೊಸಬರನ್ನು ಹುಡುಕು, ಹಳಬರನ್ನು ಬಿಡು ಎಂದು ಈ ಲೆಕ್ಕವೇ ಕಲಿಸುತ್ತದೆ. ಏಜೆಂಟರ ನಿಜವಾದ ಕೆಲಸವಿರುವುದು ಹಳಬರ ಮನೆಯಲ್ಲಿ. ಕಂತು ತಪ್ಪಿದರೆ ನೆನಪಿಸಬೇಕು, ನಾಮಿನಿ ಬದಲಿಸಿಕೊಡಬೇಕು, ದುಡಿಯುವವರು ತೀರಿಕೊಂಡರೆ ಪಾಲಿಸಿ ಬಾಂಡ್, ಮರಣ ಪ್ರಮಾಣಪತ್ರ ಹಿಡಿದು ಶಾಖೆಗೆ ಅಲೆಯಬೇಕು. ಆ ಅಲೆದಾಟಕ್ಕೆ ಬಿಡಿಗಾಸೂ ಇಲ್ಲ.

ಇದಕ್ಕಿಂತ ದೊಡ್ಡ ಹಾನಿ ಮತ್ತೊಂದಿದೆ. ಸಣ್ಣ ಮಕ್ಕಳಿರುವ ಆಟೊ ಚಾಲಕನಿಗೆ ಬೇಕಾದದ್ದು ಕಡಿಮೆ ಪ್ರೀಮಿಯಂನಲ್ಲಿ ದೊಡ್ಡ ಮೊತ್ತದ ರಕ್ಷಣೆ ಕೊಡುವ ಟರ್ಮ್ ಪಾಲಿಸಿ. ಪ್ರೀಮಿಯಂ ಕಡಿಮೆಯೆಂದರೆ ಕಮಿಷನ್ನೂ ಕಡಿಮೆ. ಹಾಗಾಗಿ ಅವನ ಕೈಗೆ ಬರುವುದು ಹಣ ವಾಪಸ್ ಬರುವ, ರಕ್ಷಣೆ ಅಲ್ಪವಾಗಿರುವ ಪಾಲಿಸಿ. ಅದನ್ನು ಮಾರಲು ಏಜೆಂಟರು ಮೊದಲ ಕಂತಿನಲ್ಲಿ ತಮ್ಮ ಪಾಲನ್ನೇ ಬಿಟ್ಟುಕೊಡುವುದುಂಟು. 1938ರ ವಿಮಾ ಕಾಯ್ದೆಯ 41ನೇ ಕಲಂ ಈ ರಿಬೇಟನ್ನು ನಿಷೇಧಿಸಿದೆ, 10 ಲಕ್ಷದವರೆಗೆ ದಂಡವಿದೆ. ಆದರೂ ‘ಎಷ್ಟು ಬಿಡ್ತೀರಿ?’ ಎಂದು ಗಿರಾಕಿ ಸಲೀಸಾಗಿ ಕೇಳುತ್ತಾನೆ. ಹಾಗೆ ಮಾಡಿಸಿದ ಪಾಲಿಸಿ ಎರಡನೇ ವರ್ಷವೇ ಲ್ಯಾಪ್ಸ್ ಆದರೆ ಆಶ್ಚರ್ಯವೇನು?

2024ರ ಅಕ್ಟೋಬರ್‌ನಲ್ಲಿ ನಿಗಮ ಮೊದಲ ವರ್ಷದ ಕಮಿಷನ್ನನ್ನು ಶೇ 28ಕ್ಕೆ ಇಳಿಸಿ, ನವೀಕರಣದ್ದನ್ನು ಶೇ 7.5ಕ್ಕೆ ಏರಿಸಿತು. ಒಂದೇ ವರ್ಷ ಕಟ್ಟಿ ಬಿಡುವವರಿಗೂ ಸರೆಂಡರ್ ಹಣ ಕೊಡಬೇಕೆಂಬ ಹೊಸ ನಿಯಮ ಇದಕ್ಕೆ ಕಾರಣ. ಏಜೆಂಟರು ಪ್ರತಿಭಟಿಸಿದರು. ಬದಲಾವಣೆಯ ದಿಕ್ಕು ಸರಿಯಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಭಾರ ಬಿದ್ದದ್ದು ಈಗಷ್ಟೇ ಕೆಲಸಕ್ಕೆ ಇಳಿದವರ ಮೇಲೆ. ಇಪ್ಪತ್ತು ವರ್ಷದ ಏಜೆಂಟರಿಗೆ ನವೀಕರಣದ ಕಮಿಷನ್ ಪಿಂಚಣಿಯಂತೆ ಬರುತ್ತಿರುತ್ತದೆ, ಹೊಸಬರು ಬದುಕುವುದೇ ಮೊದಲ ಕಂತಿನಿಂದ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಬಿಮಾ ಸಖಿ ಯೋಜನೆಯಲ್ಲಿ ಈ ಕೊರತೆಗೆ ಉತ್ತರವಿದೆ. ಏಜೆಂಟರಾಗುವ ಮಹಿಳೆಯರಿಗೆ ಕಮಿಷನ್ ಅಲ್ಲದೆ ಮೊದಲ ವರ್ಷ ತಿಂಗಳಿಗೆ 7,000, ಆಮೇಲೆ 6,000, ಮೂರನೇ ವರ್ಷ 5,000 ರೂಪಾಯಿ ಸ್ಟೈಪೆಂಡ್. ಹಿಂದಿನ ವರ್ಷ ಮಾಡಿಸಿದ ಪಾಲಿಸಿಗಳಲ್ಲಿ ಶೇ 65 ಚಾಲ್ತಿಯಲ್ಲಿರಬೇಕು ಎಂಬುದು ಷರತ್ತು. ಮಾರಿದ್ದಕ್ಕಷ್ಟೇ ಅಲ್ಲ, ಉಳಿಸಿದ್ದಕ್ಕೂ ಇಲ್ಲಿ ಹಣ ಸಿಗುತ್ತದೆ. ಇದನ್ನು ಎಲ್ಲ ಹೊಸ ಏಜೆಂಟರಿಗೂ ವಿಸ್ತರಿಸಬೇಕು, ಡೆತ್ ಕ್ಲೈಮ್ ಮಾಡಿಸಿಕೊಟ್ಟವರಿಗೆ ಪ್ರತ್ಯೇಕ ಸಂಭಾವನೆ ಗೊತ್ತುಮಾಡಬೇಕು. ಅದನ್ನು ಕೊಡಬೇಕಾದ್ದು ನಿಗಮ, ಸತ್ತವರ ಮನೆಯವರಲ್ಲ.