22 ಅಕ್ಷರದ ಬ್ರೇಕು

ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವಾಗ ಯಲಹಂಕ ಸಿಗುತ್ತದೆ. ಹಂದಿಜ್ವರದಂಥ ಜಾನುವಾರು ರೋಗಗಳ ಜಾಡು ಹಿಡಿಯುವ ನಿವೇದಿ ಸಂಸ್ಥೆ ಇರುವುದು ಅಲ್ಲೇ. ಹಂದಿ ಎಂದರೆ ಮೂಗು ಮುರಿಯುವವರೇ ಹೆಚ್ಚು. ನನಗೋ ಅದರ ಜೀವಕೋಶದೊಳಗಿನ ಮೈಆರ್-146ಎ ಎಂಬ ಆರ್‌ಎನ್‌ಎ ತುಣುಕಿನ ಮೇಲೆ ಮೋಹ. ಉದ್ದ ಬರೀ 22 ಅಕ್ಷರ. ಯಾವ ಪ್ರೋಟೀನನ್ನೂ ಕಟ್ಟದು. ಸೋಂಕು ತಗುಲಿದಾಗ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಉರಿಯೂತದ ಜೀನುಗಳನ್ನು ಚಾಲೂ ಮಾಡುತ್ತದಲ್ಲ, ಅದೇ ಏಟಿಗೆ ಇದನ್ನೂ ಹುಟ್ಟಿಸುತ್ತದೆ. ಹುಟ್ಟಿದ್ದು ಸುಮ್ಮನಿರುವುದಿಲ್ಲ: ಉರಿಯೂತದ ಸಂದೇಶ ಸಾಗಿಸುವ ಟ್ರಾಫ್6, ಐರಾಕ್1 ಪ್ರೋಟೀನುಗಳ ತಯಾರಿಗೇ ತಡೆ ಒಡ್ಡುತ್ತದೆ. ಗಾಡಿ ಹೊರಡುವಾಗಲೇ ಬ್ರೇಕಿನ ಮೇಲೂ ಕಾಲಿಟ್ಟ ಹಳೇ ಡ್ರೈವರನ ಹದ! ಮನುಷ್ಯರಲ್ಲೂ ಇದೇ ಏರ್ಪಾಡು. ಇದು ಸೇರಿದ ಮೈಕ್ರೊ ಆರ್‌ಎನ್‌ಎ ಕುಲವನ್ನು ಕಂಡುಹಿಡಿದವರಿಗೆ 2024ರಲ್ಲಿ ನೊಬೆಲ್ ಬಂತು.

ಜೀವಕೋಶದಿಂದ ಆರ್‌ಎನ್‌ಎಯನ್ನು ಹೊರತೆಗೆಯುವ ಕೈಚಳಕವೂ ನೋಡುವಂಥದ್ದೇ. ಗುಲಾಬಿ ದ್ರಾವಣದಲ್ಲಿ ಅಂಗಾಂಶ ಅರೆದು, ಕ್ಲೋರೋಫಾರಂ ಬೆರೆಸಿ, ತಣ್ಣಗಿಟ್ಟು ಗಿರಗಿರ ತಿರುಗಿಸಿದರೆ ಕೆಳಗೆ ಗುಲಾಬಿ, ನಡುವೆ ಬಿಳಿ ಪೊರೆ, ಮೇಲೆ ಬಣ್ಣವಿಲ್ಲದ ತಿಳಿ. ಆರ್‌ಎನ್‌ಎ ಇರುವುದು ಆ ತಿಳಿಯಲ್ಲಿ. ಪೊರೆ ಕದಡದಂತೆ ಪಿಪೆಟ್ಟನ್ನು ಓರೆಯಾಗಿ ಹಿಡಿದು ಮೇಲಿನಷ್ಟನ್ನೇ ಎಳೆಯಬೇಕು. ಬರಿಗೈಯಂತೂ ಸೋಕುವಂತಿಲ್ಲ; ನಮ್ಮ ಚರ್ಮದ ಮೇಲಿನ ಕಿಣ್ವಗಳೇ ಅದನ್ನು ತಿಂದು ತೇಗುತ್ತವೆ. ಆಸೆಗೆ ಬಿದ್ದು ಕೊನೆಯ ಹನಿಗೂ ಕೈಹಾಕಿದರೆ ಪೊರೆಯಲ್ಲಿನ ಡಿಎನ್‌ಎಯೂ ಬಂದು ಸೇರುತ್ತದೆ. ಪಳಗಿದ ಕೈಯವರು ಆ ಕೊಂಚವನ್ನು ಕೊಳವೆಯಲ್ಲೇ ಬಿಟ್ಟುಬಿಡುತ್ತಾರೆ.