ಗೆರೆ, ಸಾಲು, ನೂಲು: ‘ಲೈನ್’ ಶಬ್ದದ ಕುರಿತು

ನಮ್ಮ ಜಿಲ್ಲೆಯಲ್ಲಿ ಭಾಷಾಭೇದವಿಲ್ಲದೆ ಎಲ್ಲರ ಬಾಯಲ್ಲೂ ಓಡಾಡುವ ಇಂಗ್ಲಿಷ್ ಶಬ್ದಗಳಲ್ಲಿ ‘ಲೈನ್’ ಒಂದು. ತಲಪಾಡಿಯಿಂದ ತೃಕ್ಕರಿಪುರದವರೆಗೆ ಈ ಶಬ್ದ ತಿಳಿಯದವರು ಸಿಗಲಾರರು. ಆದರೆ ಅದರ ಅರ್ಥವೇನೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿಯಾರು. ರೈಲು ಓಡುವುದು ಲೈನಿನ ಮೇಲೆ. ಕರೆಂಟು ಬರುವುದು ಲೈನಿನಲ್ಲಿ. ಅದು ಕಡಿದು ಬಿದ್ದರೆ ಬರುವವನು ಲೈನ್‌ಮ್ಯಾನ್. ಮದುವೆಗೆ ಗೊತ್ತುಮಾಡುವ ಟೂರಿಸ್ಟ್ ಬಸ್ಸಲ್ಲದೆ ದಿನಾ ಓಡುವುದು ಲೈನ್ ಬಸ್ಸು. ರೇಷನ್ ಅಂಗಡಿಯೆದುರು ನಿಲ್ಲುವುದು ಲೈನು. ಕೊಡಗಿನ ಕಾಫಿ ತೋಟದಲ್ಲಿ ಕೂಲಿಯವರಿಗೆ ಕಟ್ಟಿಸಿದ್ದು ಲೈನ್‌ಮನೆ. ವ್ಯಾನಿನಲ್ಲಿ ಅಂಗಡಿಯಿಂದ ಅಂಗಡಿಗೆ ಸರಕು ಹಾಕುವುದು ಲೈನ್ ಸೇಲ್. ‘ನಿಮ್ಮದು ಯಾವ ಲೈನು?’ ಎಂದರೆ ಉದ್ಯೋಗ. ‘ಲೈನ್ ಕ್ಲಿಯರ್’ ಎಂದರೆ ಒಪ್ಪಿಗೆ. ಹುಡುಗ ಹುಡುಗಿಯ ಹಿಂದೆ ಸುತ್ತಿದರೆ ಕನ್ನಡದಲ್ಲಿ ‘ಲೈನ್ ಹೊಡೆಯುತ್ತಾನೆ’, ಮಲಯಾಳದಲ್ಲಿ ‘ಲೈನ್ ಅಡಿಕ್ಕುನ್ನು’. ಕೊನೆಗೆ ಪದ್ಯದ ಪಂಕ್ತಿಯೂ ಲೈನೇ, ರಾಜ್ಯದ ಗಡಿಯೂ ಲೈನೇ.

ಇಂಗ್ಲಿಷ್ ಶಬ್ದಗಳನ್ನು ಮನೆಯಿಂದ ಹೊರಹಾಕಬೇಕೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಲೈನ್‌ಮ್ಯಾನನ್ನು ‘ತಂತಿಯಾಳು’ ಎಂದು ಕರೆದರೆ ಅವನೇ ತಿರುಗಿ ನೋಡಲಾರ. ಬೇರೆ ಭಾಷೆಯ ಶಬ್ದ ನಮ್ಮ ಮಾತಿನಲ್ಲಿ ಯಾವ ಕೆಲಸ ಮಾಡುತ್ತಿದೆ, ಅದು ಬಂದುದರಿಂದ ಯಾವ ಶಬ್ದ ಕೆಲಸ ಕಳೆದುಕೊಂಡಿತು ಎಂಬುದನ್ನು ವಿಮರ್ಶೆ ನೋಡಬೇಕು. ನಮ್ಮಂಥ ಗಡಿನಾಡಿನಲ್ಲಿ ಈ ಪ್ರಶ್ನೆಗೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ.

ಮೊದಲು ‘ಲೈನ್’ ಮಾಡಿದ ಉಪಕಾರವನ್ನು ಒಪ್ಪಿಕೊಳ್ಳೋಣ. ಬಸ್ಸಿನಲ್ಲೋ ಕಚೇರಿಯಲ್ಲೋ ಕನ್ನಡದವರೂ ಮಲಯಾಳದವರೂ ಎದುರಾದಾಗ, ಯಾರ ಭಾಷೆಯಲ್ಲಿ ಮಾತಾಡಬೇಕೆಂಬ ಸಣ್ಣದೊಂದು ಮುಜುಗರ ಹುಟ್ಟುವುದುಂಟು. ಆಗ ‘ಲೈನಾಗಿ ನಿಲ್ಲಿ’ ಎಂದರೆ ಯಾರಿಗೂ ಸೋಲಿಲ್ಲ. ಇಂಗ್ಲಿಷ್ ಶಬ್ದ ಇಲ್ಲಿ ಇಬ್ಬರಿಗೂ ಸೇರದ ಜಾಗ, ಆದ್ದರಿಂದ ಇಬ್ಬರೂ ಕಾಲಿಡಬಹುದಾದ ಜಾಗ. ಸಪ್ತಭಾಷೆಗಳ ಸಂಗಮವೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ನೆಲದಲ್ಲಿ ಅಂಥ ಜಾಗ ಬೇಕಾದದ್ದೇ. ಆದರೆ ಈ ಸೌಕರ್ಯಕ್ಕೆ ಬೆಲೆ ತೆರಬೇಕಾಗಿದೆ. ನಡುವೆ ಮೂರನೆಯವನೊಬ್ಬ ಸಿದ್ಧವಾಗಿ ನಿಂತಿರುವುದರಿಂದ, ನಮ್ಮ ಶಬ್ದಗಳೂ ನೆರೆಯವರ ಶಬ್ದಗಳೂ ಒಂದೇ ಕುಟುಂಬದವೆಂದು ತಿಳಿಯುವ ಅವಶ್ಯಕತೆಯೇ ನಮಗೆ ಬೀಳುವುದಿಲ್ಲ.

ಕನ್ನಡದಲ್ಲಿ ಗೆರೆ ಬೇರೆ, ಸಾಲು ಬೇರೆ, ನೂಲು ಬೇರೆ. ಗೆರೆಯನ್ನು ಎಳೆಯುತ್ತೇವೆ, ದಾಟುತ್ತೇವೆ. ಅದರ ಈಚೆಗೊಬ್ಬ, ಆಚೆಗೊಬ್ಬ. ಸಾಲಿನಲ್ಲಿ ಒಂದರ ಪಕ್ಕ ಇನ್ನೊಂದು ಇರುತ್ತದೆ. ನೇಗಿಲ ಸಾಲು, ಅಡಕೆ ಮರದ ಸಾಲು, ಪದ್ಯದ ಸಾಲು ಎಲ್ಲವೂ ಹಾಗೆಯೇ. ನೂಲಾದರೋ ಪೋಣಿಸುತ್ತದೆ. ಇನ್ನು ಮಲಯಾಳವನ್ನು ನೋಡಿ. ಅಲ್ಲಿ ಗೆರೆಗೆ ‘ವರ’. ಚಿತ್ರ ಬಿಡಿಸುವುದಕ್ಕೆ ‘ವರಯ್ಕ್ಕುಗ’. ಇದು ನಮ್ಮ ‘ಬರೆ’ಯ ಒಡಹುಟ್ಟು. ಬೇಲಿ ಅಲ್ಲಿ ‘ವೇಲಿ’ಯಾದ ಹಾಗೆ, ಬಿತ್ತು ‘ವಿತ್ತ್’ ಆದ ಹಾಗೆ, ನಮ್ಮ ಬಕಾರಕ್ಕೆ ಅವರಲ್ಲಿ ವಕಾರ. ನೇಗಿಲು ಮಾಡಿದ ಸಾಲು ಅವರಿಗೆ ‘ಚಾಲ್’. ಕೆಂಪುಕಲ್ಲಿನ ಗೋಡೆ ಕಟ್ಟುವ ಮೇಸ್ತ್ರಿ ಯಾವ ಭಾಷೆಯವನಾದರೂ ಹಿಡಿಯುವುದು ನೂಲನ್ನೇ. ಮಲಯಾಳದಲ್ಲಿ ಅದು ‘ನೂಲ್’. ಬರೆಯುವುದು, ಉಳುವುದು, ಕಟ್ಟುವುದು: ಮೂರು ಕೆಲಸಗಳಿಗೂ ಎರಡು ಭಾಷೆಗಳ ಬೇರು ಒಂದೇ.

ಮಲಯಾಳದ ‘ವರಿ’ ಎಂಬ ಶಬ್ದವಂತೂ ನಾವು ಗಮನಿಸಬೇಕಾದದ್ದು. ಪದ್ಯದ ಪಂಕ್ತಿ ‘ವರಿ’. ಸರತಿಯಲ್ಲಿ ನಿಂತ ಜನರೂ ‘ವರಿ’. ಪತ್ರಿಕೆಯ ಚಂದಾದಾರರು ‘ವರಿಕ್ಕಾರ್’. ತಲಪಾಡಿಯಿಂದ ದಕ್ಷಿಣಕ್ಕೆ ಹೆದ್ದಾರಿ ಅಗಲವಾದಾಗ ಮಲಯಾಳ ಪತ್ರಿಕೆಗಳು ಅದನ್ನು ‘ಆರುವರಿಪ್ಪಾದ’ ಎಂದು ಕರೆದವು, ಕನ್ನಡ ಪತ್ರಿಕೆಗಳು ‘ಷಟ್ಪಥ’ ಎಂದವು. ಜನ ‘ಆರು ಲೈನ್ ರಸ್ತೆ’ ಎಂದು ಹೇಳಿ ಮುಗಿಸಿದರು. ಕುಮಾರವ್ಯಾಸನ ಷಟ್ಪದಿಯನ್ನು ಕೇಳಿ ಬೆಳೆದ ಕಿವಿಗೆ ‘ಆರು ವರಿ’ ಎಂದರೆ ಮೊದಲು ನೆನಪಾಗುವುದು ರಸ್ತೆಯಲ್ಲ, ಪದ್ಯ. ಮಲಯಾಳ ಬಲ್ಲ ಕನ್ನಡಿಗನಿಗೆ ಸಿಕ್ಕುವ ಇಂಥ ಸುಖ ‘ಲೈನ್’ ಎಂದು ಹೇಳಿ ಮುಂದೆ ಹೋಗುವವನಿಗೆ ಸಿಕ್ಕದು.

‘ಲೈನ್’ ಶಬ್ದದ ಮೂಲವನ್ನು ಹುಡುಕಿದರೆ ಇನ್ನೊಂದು ವಿಚಾರ ಹೊಳೆಯುತ್ತದೆ. ಲ್ಯಾಟಿನ್ನಿನಲ್ಲಿ ‘ಲೀನುಮ್’ ಎಂದರೆ ಅಗಸೆ. ಅಗಸೆ ನಾರಿನ ಎಳೆ ‘ಲೀನೆಯ’. ಅದರಿಂದ ಬಂದದ್ದು ‘ಲೈನ್’. ಲಿನನ್ ಬಟ್ಟೆಯ ಹೆಸರೂ ಇದರ ಬಳಗದ್ದೇ. ಅಂದರೆ ಈ ಶಬ್ದ ಮೊದಲಿಗೆ ನೂಲಾಗಿತ್ತು, ಗೆರೆಯಾದದ್ದು ಆಮೇಲೆ. ನಮ್ಮ ಮಟ್ಟಿಗೆ ಈಗ ನೂಲಿನ ಅರ್ಥ ಹಿಂದೆ ಸರಿದು, ಗೆರೆಯ ಅರ್ಥವೇ ಮುಂದೆ ಬಂದು ಕೂತಿದೆ. ಅದಕ್ಕೆ ಕಾರಣ ಎಲ್ಲರಿಗೂ ಗೊತ್ತಿದೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ‘ಬರೆ’ ಎಂಬುದು ಕಾಸಿ ಎಳೆದ ಗಾಯದ ಗುರುತಿಗೂ ಹೆಸರು. ನಮ್ಮ ಹಿರಿಯರಿಗೆ ಆ ಗಡಿ ಅಂಥ ಬರೆಯೇ ಆಗಿತ್ತು. ಆ ನೋವನ್ನು ಹಗುರ ಮಾಡುವ ಅಧಿಕಾರ ನನಗಿಲ್ಲ.

ಆದರೆ ಗೆರೆಯ ಮೇಲೇ ಕಣ್ಣು ನೆಟ್ಟು ಕೂತರೆ ಕಾಣದೆ ಹೋಗುವ ಸಂಗತಿಗಳೂ ಇವೆ. ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ. ಚಂದ್ರಗಿರಿಯನ್ನು ದಾಟಿ ಹೋಗುವ ಆ ಲೈನು ಗಡಿಯ ಲೈನಿಗಿಂತ 49 ವರ್ಷ ದೊಡ್ಡದು. ಗಡಿ ಬಂದ ಮೇಲೂ ಅದು ಕಡಿಯಲಿಲ್ಲ. ಮಂಗಳೂರಿನ ಆಸ್ಪತ್ರೆ, ಕಾಲೇಜು, ಪೇಟೆ ನಮಗೆ ದೂರವಾಗಲಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ಮಾತ್ರ ಕರ್ನಾಟಕ ಸರ್ಕಾರ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿಸಿತು. ಮಂಗಳೂರಿಗೆ ಹೊರಟ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟರು, ಪ್ರಾಣಗಳು ಹೋದವು. ಅಡೆತಡೆಗಳನ್ನು ತೆರವು ಮಾಡಿಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರ ಸರ್ಕಾರಕ್ಕೆ ಹೇಳಬೇಕಾಯಿತು. ಅಂದು ಆ ಮಣ್ಣಿನ ರಾಶಿಯ ಈಚೆಗೆ ನಿಂತವರಲ್ಲಿ ಕನ್ನಡದವರೂ ಇದ್ದರು, ಮಲಯಾಳದವರೂ ಇದ್ದರು. ಆಚೆಯಿಂದ ಗೆರೆ ಎಳೆದವರ ಭಾಷೆ ನಮ್ಮದೇ ಆಗಿತ್ತು. ಗೆರೆ ಎಳೆಯುವುದು ಯಾವುದೋ ಒಂದು ಭಾಷೆಯ ಸ್ವಭಾವವೆಂದು ನಂಬಿದ್ದವರು ಆ ದಿನಗಳನ್ನು ಮರೆಯಬಾರದು.

ಈ ಮಾತು ನಮ್ಮ ಸಾಹಿತ್ಯಕ್ಕೂ ಅನ್ವಯಿಸುತ್ತದೆ. ಹಳೆಯ ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಪ್ರಾಸದ ಕಟ್ಟಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಅದನ್ನು ಬಿಟ್ಟರು. ಇದು ನಮ್ಮ ಮಕ್ಕಳಿಗೂ ಗೊತ್ತು. ಮಲಯಾಳದಲ್ಲೂ ಇದೇ ದ್ವಿತೀಯಾಕ್ಷರ ಪ್ರಾಸ ಬೇಕೋ ಬೇಡವೋ ಎಂದು ಅದೇ ಕಾಲದ ಆಸುಪಾಸಿನಲ್ಲಿ ದೊಡ್ಡ ಜಗಳವೇ ನಡೆದಿತ್ತು. ಕೇರಳ ಕಾಳಿದಾಸರೆನಿಸಿದ ಕೇರಳವರ್ಮ ವಲಿಯ ಕೋಯಿತ್ತಂಬುರಾನ್ ಬೇಕೆನ್ನುವ ಪಕ್ಷ, ಕೇರಳ ಪಾಣಿನಿ ಎ.ಆರ್. ರಾಜರಾಜವರ್ಮ ಅದರ ಕಡ್ಡಾಯ ಬೇಡವೆನ್ನುವ ಪಕ್ಷ. ನೆರೆಹೊರೆಯ ಎರಡು ಭಾಷೆಗಳು ಪದ್ಯದ ಸಾಲಿಗೆ ಬಿದ್ದಿದ್ದ ಒಂದೇ ಗಂಟನ್ನು ಬಿಚ್ಚಲು ಹೆಣಗಿದ ಈ ಕಥೆಯನ್ನು ಅಕ್ಕಪಕ್ಕ ಇಟ್ಟು ಬರೆದ ಲೇಖನಗಳನ್ನು ನಾನು ಕಂಡದ್ದು ತೀರ ಕಡಿಮೆ. ಎರಡೂ ಭಾಷೆಯಲ್ಲಿ ಓದಬಲ್ಲ ನಾವು ಬರೆಯದಿದ್ದರೆ ಬೆಂಗಳೂರಿನವರೋ ತಿರುವನಂತಪುರದವರೋ ಬರೆದಾರೆ?

ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಹೆಸರು ಹೇಳಿದೊಡನೆ ನಮಗೆ ನೆನಪಾಗುವುದು ಕಾಸರಗೋಡಿನ ವಿಲೀನೀಕರಣದ ಹೋರಾಟ. ಅದು ನ್ಯಾಯವೇ. ಆದರೆ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರೂ ಅವರೇ. ಗೆರೆಯ ವಿರುದ್ಧ ನೂರು ವರ್ಷದ ಬಾಳಿನ ಕೊನೆಯವರೆಗೂ ದನಿಯೆತ್ತಿದ ಮನುಷ್ಯ, ಆಚೆಯ ಭಾಷೆಯ ಸಾಲುಗಳನ್ನು ಪ್ರೀತಿಯಿಂದ ತನ್ನ ಭಾಷೆಗೆ ಪೋಣಿಸಿದ. ಅವರಿಗೆ ಈ ಎರಡರಲ್ಲಿ ವಿರೋಧ ಕಂಡಿರಲಿಲ್ಲ. ನಮ್ಮ ಸಭೆಗಳಲ್ಲಿ ಮೊದಲನೆಯದನ್ನು ಭಾಷಣಕ್ಕೆ ಇಟ್ಟುಕೊಂಡು ಎರಡನೆಯದನ್ನು ಕಪಾಟಿನಲ್ಲಿ ಇಟ್ಟಿದ್ದೇವೆ. ಗಡಿನಾಡಿನ ಲೇಖಕರನ್ನು ಅಳೆಯುವಾಗ ಅವರು ಗೆರೆಯ ಬಗ್ಗೆ ಏನು ಹೇಳಿದರೆಂಬುದನ್ನೇ ಮಾನದಂಡ ಮಾಡಿಕೊಂಡದ್ದು ನಮ್ಮ ವಿಮರ್ಶೆಯ ಕೊರತೆ ಎಂದು ನನ್ನ ಅಭಿಪ್ರಾಯ.

ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸುವ ಮನೆಗಳಲ್ಲಿ ಮಲಯಾಳ ಕಲಿತರೆ ಕನ್ನಡ ಹೋದೀತೆಂಬ ಅಂಜಿಕೆ ಇದೆ. ಹಕ್ಕಿನ ಮಟ್ಟಿಗೆ ಆ ಅಂಜಿಕೆಗೆ ಆಧಾರವಿದೆ. ಕಚೇರಿಯ ಕಾಗದ ಕನ್ನಡದಲ್ಲಿ ಬರಬೇಕೆಂದು ಕೇಳುವುದನ್ನು ನಿಲ್ಲಿಸಬಾರದು. ಶಬ್ದಗಳ ಮಟ್ಟಿಗೆ ಮಾತ್ರ ವಿಷಯ ತಿರುಗಾಮುರುಗ. ‘ಚಾಲ್’ ಎಂಬುದನ್ನು ತಿಳಿದ ಹುಡುಗಿಗೆ ‘ಸಾಲು’ ಇನ್ನಷ್ಟು ಗಟ್ಟಿಯಾಗುತ್ತದೆ. ಎರಡನ್ನೂ ಬಿಟ್ಟು ‘ಲೈನ್’ ಒಂದನ್ನೇ ಹಿಡಿದವಳ ಕೈಯಲ್ಲಿ ಎರಡೂ ಉಳಿಯುವುದಿಲ್ಲ. ಲೈನ್ ಬಸ್ಸು ಓಡಲಿ, ಲೈನ್‌ಮ್ಯಾನ್ ಕರೆದಾಗ ಬರಲಿ. ಪದ್ಯದ ವಿಚಾರ ಬಂದಾಗ ‘ಸಾಲು’ ಎನ್ನೋಣ, ನೆರೆಯವರು ‘ವರಿ’ ಎಂದರೆ ಕಿವಿಗೊಟ್ಟು ಕೇಳೋಣ. ಕನ್ನಡದ ಪುಟವೂ ಮಲಯಾಳದ ಪುಟವೂ ಒಂದೇ ನೂಲಿನಿಂದ ಹೊಲಿಯಲ್ಪಡುವ ಈ ವಾರ್ಷಿಕದಲ್ಲಿ ಅದಕ್ಕೆ ಎಡೆಯಿದೆ.