ಮೊಂತಾಯು: ಒಂದು ಹಳ್ಳಿಯ ಮಾತು, ಒಬ್ಬ ಬಿಷಪ್ಪನ ಕಡತ

ಅರಸರ ವಂಶಾವಳಿಯನ್ನೂ ಯುದ್ಧಗಳ ತೇದಿಗಳನ್ನೂ ಇತಿಹಾಸವೆಂದು ಓದಿ, ಓದಿಸಿ ಬಂದ ನಮಗೆ ಫ್ರೆಂಚ್ ಇತಿಹಾಸಕಾರ ಲೆ ರುವಾ ಲಾದುರಿಯವರ ‘ಮೊಂತಾಯು’ (1975) ಹೊಸತೊಂದು ದೃಷ್ಟಿಯನ್ನು ನೀಡುವ ಗ್ರಂಥ. ಮೊಂತಾಯು ದಕ್ಷಿಣ ಫ್ರಾನ್ಸಿನ ಪಿರೆನೀಸ್ ಪರ್ವತಪ್ರದೇಶದ ಪುಟ್ಟ ಗ್ರಾಮ. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಅಲ್ಲಿ ಬಾಳಿದವರು ಸುಮಾರು ಇನ್ನೂರೈವತ್ತು ಮಂದಿ. ಹೆಚ್ಚಿನವರು ಬೇಸಾಯಗಾರರು, ಕುರಿಗಾಹಿಗಳು.

ಇಂತಹ ಹಳ್ಳಿಗೆ ಚರಿತ್ರೆ ದೊರೆತ ಬಗೆ ದಾರುಣವಾದುದು. ಗ್ರಾಮಸ್ಥರಲ್ಲಿ ಅನೇಕರು ಕಥಾರ್ ಮತಕ್ಕೆ ಒಲಿದಿದ್ದರು. ಈ ದೃಶ್ಯಜಗತ್ತು ದುಷ್ಟಶಕ್ತಿಯ ಸೃಷ್ಟಿಯೆಂದು ಸಾರಿದ ಆ ಮತವನ್ನು ರೋಮನ್ ಚರ್ಚು ಪಾಷಂಡವೆಂದು ಬಗೆಯಿತು. 1308ರಲ್ಲಿ ಊರಿನ ವಯಸ್ಕರೆಲ್ಲರನ್ನೂ ಬಂಧಿಸಲಾಯಿತು. ಬಳಿಕ ಪಾಮಿಯೇ ಪಟ್ಟಣದ ಬಿಷಪ್ ಜಾಕ್ ಫೂರ್ನಿಯೇ 1318ರಿಂದ 1325ರವರೆಗೆ ಆ ಸೀಮೆಯ ಜನರನ್ನು ವಿಚಾರಣೆಗೆ ಗುರಿಪಡಿಸಿದನು. ಇವನೇ 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಎಂಬ ಹೆಸರಿನಿಂದ ಪೋಪನಾದನು. ಅವನ ವಿಚಾರಣೆಯ ಲ್ಯಾಟಿನ್ ಕಡತವು ವ್ಯಾಟಿಕನ್ ಗ್ರಂಥಾಲಯದಲ್ಲಿ ಉಳಿದು, 1965ರಲ್ಲಿ ಮುದ್ರಣಗೊಂಡಿತು. ಲಾದುರಿಯವರ ಗ್ರಂಥಕ್ಕೆ ಇದೇ ಮುಖ್ಯ ಆಧಾರ.

ಗ್ರಂಥಕರ್ತರು ಈ ಕಡತದಿಂದ ಹೊರತೆಗೆದ ಜೀವನಚಿತ್ರ ಸ್ತುತ್ಯರ್ಹವಾದುದು. ಅಲ್ಲಿ ಮನೆಯೆಂದರೆ ಬರಿಯ ಗೋಡೆ ಮಾಡುಗಳಲ್ಲ. ಅದು ಕುಲ, ಆಸ್ತಿ, ಅದೃಷ್ಟ ಎಲ್ಲವೂ ಹೌದು. ಪೋನ್ಸ್ ಕ್ಲೆರ್ಗ್ ಎಂಬ ಯಜಮಾನ ತೀರಿಕೊಂಡಾಗ, ಮನೆಯ ಭಾಗ್ಯ ಅವನೊಡನೆ ಹೊರಟುಹೋಗದಿರಲೆಂದು ಅವನ ಕೂದಲು ಉಗುರುಗಳ ತುಣುಕುಗಳನ್ನು ತೆಗೆದಿರಿಸಿದರಂತೆ. ಪಿಯೇರ್ ಮೊರಿ ಎಂಬ ಕುರಿಗಾಹಿ ಮಂದೆಯೊಡನೆ ಬೆಟ್ಟಗಳನ್ನು ದಾಟಿ ಕ್ಯಾಟಲೋನಿಯದವರೆಗೂ ಅಲೆಯುತ್ತಾನೆ. ಬಡವನಾದರೂ ಸ್ನೇಹದಲ್ಲಿ ಧಾರಾಳಿ. ಸುಮಾರು ಏಳುನೂರು ವರ್ಷಗಳಾಚೆಯ ಇಂತಹ ಸಾಮಾನ್ಯರ ಪರಿಚಯವು ಅಪೂರ್ವ ಲಾಭವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಲ್ಲಿಯೇ ಒಂದು ಶಂಕೆ ತಲೆದೋರುತ್ತದೆ. ನಾವು ಕೇಳುತ್ತಿರುವುದು ನಿಜವಾಗಿಯೂ ಅವರ ಮಾತೇ? ಅವರು ಆಡಿದುದು ಆಕ್ಸಿಟಾನ್ ಭಾಷೆಯನ್ನು. ಲಿಪಿಕಾರ ಬರೆದುದು ಲ್ಯಾಟಿನ್ನಿನಲ್ಲಿ, ಅದೂ ಬಹುಮಟ್ಟಿಗೆ ‘ಅವನು ಹೀಗೆಂದನು’ ಎಂಬ ಪರೋಕ್ಷ ರೀತಿಯಲ್ಲಿ. ಲಾದುರಿಯವರು ಅದನ್ನು ಅನೇಕ ಕಡೆ ‘ನಾನು’ ಎಂದು ತಿರುಗಿಸಿ ಫ್ರೆಂಚಿನಲ್ಲಿ ಆಡಿಸುತ್ತಾರೆ. ಮಗುವಿನ ಮನೆಮಾತು ಪುಸ್ತಕದ ಮಾತಾಗುವಾಗ ಏನು ಸೋರಿಹೋಗುತ್ತದೆಂಬುದನ್ನು ಬಲ್ಲ ಅಧ್ಯಾಪಕರಿಗೆ ಈ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಗುರುತರವಾದುದು ಭಯದ ವಿಷಯ. ಮೊರಿ ಹರಟೆಯ ಕಟ್ಟೆಯಲ್ಲಿ ಕುಳಿತು ಕಥೆ ಹೇಳುತ್ತಿರಲಿಲ್ಲ. ದಂಡನೆಯ ಭಯದಲ್ಲಿ ಉತ್ತರಿಸುತ್ತಿದ್ದನು. 1324ರಲ್ಲಿ ಅವನಿಗೆ ಸೆರೆವಾಸವಾಯಿತು. ಲಾದುರಿಯವರು ಆರಂಭದಲ್ಲಿ ವಿಚಾರಣೆಯ ಸಂದರ್ಭವನ್ನು ವಿವರಿಸುತ್ತಾರೆ, ನಿಜ. ಆದರೆ ಮುಂದಿನ ಅಧ್ಯಾಯಗಳಲ್ಲಿ ಪ್ರಶ್ನಿಸಿದವನು ಮರೆಯಾಗಿ, ಉತ್ತರಗಳು ಮಾತ್ರ ಸಹಜ ಸಂಭಾಷಣೆಯಂತೆ ಉಳಿಯುತ್ತವೆ. ಗ್ರಂಥದ ದೊಡ್ಡ ಕೊರತೆ ಇದೇ.

ಹಾಗೆಂದು ಗ್ರಂಥವನ್ನು ತಳ್ಳಿಹಾಕುವುದು ಸಲ್ಲದು. ಪೀಡನೆಗೆ ಸಿಕ್ಕಿದುದರಿಂದಲೇ ಮೊಂತಾಯು ಇಷ್ಟು ವಿವರವಾಗಿ ಬರವಣಿಗೆಯಲ್ಲಿ ಉಳಿಯಿತು. ಪೀಡನೆಯಿಲ್ಲದೆ ಬಾಳಿದ ಹಳ್ಳಿಗಳ ಮಾತನ್ನು ಬರೆದಿಡುವ ಗೋಜಿಗೆ ಯಾರೂ ಹೋಗಲಿಲ್ಲ. ಈ ಕಹಿಸತ್ಯವನ್ನು ನೆನಪಿನಲ್ಲಿಟ್ಟು, ಪ್ರತಿಯೊಂದು ಮಾತಿನ ಹಿಂದೆಯೂ ಕೇಳಿದವನಾರು, ಬರೆದವನಾರು ಎಂದು ವಿಚಾರಿಸುತ್ತ ಓದಿದರೆ, ಗ್ರಾಮಚರಿತ್ರೆಯನ್ನು ಬರೆಯಹೊರಡುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದಕ್ಕಿಂತ ಉತ್ತಮ ಪಾಠ ದೊರೆಯದು.